ಐದು ಜನ ಸೇರಿ ಕೆಸರಿನ ಅಡೆತಡೆ ಓಟಕ್ಕೆ: ಶೂ, ಗೋಡೆ, ಹಗ್ಗ, ಗಾಯ

ಪ್ರಶ್ನೆ: ಮುಂದಿನ ತಿಂಗಳು ಬೆಂಗಳೂರಿನ ಹೊರವಲಯದಲ್ಲಿ 5 ಕಿ.ಮೀ. ಕೆಸರಿನ ಅಡೆತಡೆ ಓಟಕ್ಕೆ ಆಫೀಸಿನ ಐದು ಜನ ಹೆಸರು ಕೊಟ್ಟಿದ್ದೇವೆ. ಓಡೋದಕ್ಕೆ ಹೆದರಿಕೆ ಇಲ್ಲ, ಎಂಟು ಅಡಿ ಗೋಡೆ ಮತ್ತು ಹಗ್ಗದ್ದೇ ಯೋಚನೆ. ಶೂ ಯಾವುದು ಹಾಕೋಣ? ಬರಿಗಾಲಲ್ಲಿ ಓಡಬಹುದಾ?

ಉತ್ತರ (ತರಬೇತುದಾರರು): ಬರಿಗಾಲು ಬೇಡ ಸರ್. ಕೊಡಗು, ದಕ್ಷಿಣ ಕನ್ನಡದ ಕೆಸರುಗದ್ದೆ ಓಟ ನಡೆಯೋದು ಉತ್ತು ಹದ ಮಾಡಿದ ಗದ್ದೆಯಲ್ಲಿ. ಇಲ್ಲಿ ಜಲ್ಲಿ, ಮರದ ಸೀಳು, ತಂತಿ ಎಲ್ಲ ಸಿಗುತ್ತೆ. ಅಡಿಯಲ್ಲಿ 5–6 ಮಿ.ಮೀ. ಹಲ್ಲಿರುವ ಟ್ರೇಲ್ ಶೂ (ಕಚ್ಚಾ ಹಾದಿಯಲ್ಲಿ ಓಡಲು ಮಾಡಿದ ಶೂ) ತಗೊಳ್ಳಿ. ಹಲ್ಲುಗಳ ನಡುವೆ ಅಗಲ ಜಾಗ ಇರಲಿ, ಒತ್ತೊತ್ತಾಗಿದ್ದರೆ ಅಂಟುಮಣ್ಣು ತುಂಬಿಕೊಂಡು ಅಡಿ ನುಣ್ಣಗಾಗಿಬಿಡುತ್ತೆ. ಹತ್ತಿಯ ಸಾಕ್ಸ್ ನೀರು ಹಿಡಿದು ಕಾಲಲ್ಲಿ ಬೊಬ್ಬೆ ಎಬ್ಬಿಸುತ್ತೆ, ಪಾಲಿಯೆಸ್ಟರಿನದು ಹಾಕಿ. ಕಾಲು ಹೂತರೆ ಸೀದಾ ಮೇಲಕ್ಕೆ ಎಳೆಯಬೇಡಿ, ಶೂ ಕೆಸರಲ್ಲೇ ಉಳಿಯುತ್ತೆ. ಹಿಮ್ಮಡಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಗಾಳಿ ಒಳಗೆ ಹೋಗಲು ಸಂದು ಮಾಡಿ, ಹಿಮ್ಮಡಿಯನ್ನೇ ಮೊದಲು ಎತ್ತಿ.

ಗೋಡೆಗೆ ಬಲಶಾಲಿಗಳನ್ನೆಲ್ಲ ಮೊದಲೇ ಹತ್ತಿಸಿಬಿಟ್ಟರೆ ಕೊನೆಯವರು ಕೆಳಗೇ ಉಳಿಯುತ್ತಾರೆ. ಇಬ್ಬರು ಗೋಡೆಗೆ ಬೆನ್ನು ಕೊಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಬೆರಳು ಹೆಣೆದು ಮೆಟ್ಟಿಲು ಮಾಡಲಿ. ಹತ್ತುವವರು ಅಂಗೈ ಮೇಲೆ ಒಂದು ಕಾಲು, ಆಮೇಲೆ ಕುತ್ತಿಗೆ ಪಕ್ಕದ ಹೆಗಲಿನ ಮೇಲೆ ಇನ್ನೊಂದು. ಮೊದಲು ಹತ್ತಿದ ಇಬ್ಬರು ಮೇಲೆ ಕಾಲು ಇಳಿಬಿಟ್ಟು ಕುದುರೆ ಮೇಲೆ ಕೂತಂತೆ ಕೂತಿರಲಿ. ಎತ್ತರಕ್ಕೆ ಚೆನ್ನಾಗಿ ಜಿಗಿಯುವವರು ಕೊನೆಗೆ. ಎಳೆಯುವಾಗ ಅಂಗೈ ಹಿಡಿದರೆ ಜಾರುತ್ತೆ, ಮಣಿಕಟ್ಟಿಗೆ ಮಣಿಕಟ್ಟು ಹಿಡಿಯಿರಿ. ಆ ಕಡೆ ಮೇಲಿನಿಂದಲೇ ಹಾರಬೇಡಿ. ಕೈಯಲ್ಲಿ ಜೋತುಬಿದ್ದು, ಆಮೇಲೆ ಮಂಡಿ ಬಗ್ಗಿಸಿ ಇಳಿಯಿರಿ. ಹೆಚ್ಚಿನ ಕಾಲು ಉಳುಕು ಇಲ್ಲೇ ಆಗೋದು.

ಪ್ರಶ್ನೆ: ಹಗ್ಗದಲ್ಲಿ ನಾಲ್ಕು ಅಡಿ ಹತ್ತುವಷ್ಟರಲ್ಲಿ ಕೈ ಸೋಲುತ್ತೆ ಸರ್.

ಉತ್ತರ (ತರಬೇತುದಾರರು): ಅಂದರೆ ಕಾಲು ಕೆಲಸ ಮಾಡ್ತಿಲ್ಲ. ಹಗ್ಗ ಬಲಗಾಲಿನ ಹೊರಬದಿಯಲ್ಲಿ ಇಳಿದು, ಪಾದದ ಅಡಿಯಿಂದ ಹಾದು, ಒಳಬದಿಯಲ್ಲಿ ಮೇಲೆ ಬಂದು ಪಾದದ ಮೇಲೆ ಕೂರಬೇಕು. ಅದನ್ನು ಎಡಗಾಲಿನಿಂದ ತುಳಿದು ಬಿಗಿಹಿಡಿಯಿರಿ. ಈಗ ನೀವು ಹಗ್ಗದ ಮೇಲೆ ನಿಂತಂತೆ! ಮಂಡಿ ಎದೆಗೆ ತಂದು, ಮತ್ತೆ ತುಳಿದು, ಎದ್ದು ನಿಲ್ಲಿ. ಕೈ ಬರೀ ಸಮತೋಲಕ್ಕೆ. ಕೆಳಗೆ ಸರ್ರನೆ ಜಾರಿದರೆ ಅಂಗೈ ಚರ್ಮ ಕಿತ್ತುಬರುತ್ತೆ, ಒಂದೊಂದೇ ಕೈ ಇಳಿಸಿ. ವಾರಕ್ಕೆ ಮೂರು ದಿನ ಕಂಬಿಗೆ 30 ಸೆಕೆಂಡ್ ಜೋತುಬೀಳೋ ಅಭ್ಯಾಸ ಈಗಲೇ ಶುರು ಮಾಡಿ.

ಉತ್ತರ (ವೈದ್ಯರು): ಉಂಗುರ, ಸರ, ಕಾಂಟ್ಯಾಕ್ಟ್ ಲೆನ್ಸ್ ಮನೆಯಲ್ಲೇ ಬಿಡಿ. ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಸುಲಿಯುತ್ತೆ. ನೀರಿನ ತೊಟ್ಟಿಗೆ ತಲೆ ಮುಂದಾಗಿ ಜಿಗಿಯಲೇಬೇಡಿ.

ಪ್ರಶ್ನೆ: ಟಿಟಿ ಇಂಜೆಕ್ಷನ್ ಬೇಕಾ ಡಾಕ್ಟ್ರೇ?

ಉತ್ತರ (ವೈದ್ಯರು): ಕೊನೆಯದು ಹಾಕಿಸಿ ಹತ್ತು ವರ್ಷ ಆಗಿದ್ದರೆ ಮೊದಲೇ ಹಾಕಿಸಿ. ಮಣ್ಣು ಹೊಕ್ಕ ಗಾಯವಾದರೆ ಐದು ವರ್ಷದ ಲೆಕ್ಕ. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಕೆಸರುನೀರು ಬಾಯಿಗೆ ಹೋಗದಂತೆ ನೋಡಿಕೊಳ್ಳಿ. 2012ರಲ್ಲಿ ಅಮೆರಿಕದ ನೆವಾಡಾದ ಇಂಥದ್ದೇ ಓಟದಲ್ಲಿ, ದನ ಹಂದಿಗಳ ಸಗಣಿ ಬೆರೆತ ಕೆಸರು ನುಂಗಿದವರಿಗೆ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದಿಂದ ಭೇದಿ ಹರಡಿತ್ತು. ಓಟ ಮುಗಿದ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗೋದು ಕಂಡರೆ ಇಲಿಜ್ವರ ಇರಬಹುದು. ಡಾಕ್ಟರ್ ಹತ್ತಿರ ಹೋದಾಗ ಕೆಸರಲ್ಲಿ ಓಡಿದ್ದನ್ನು ನೀವಾಗಿಯೇ ಹೇಳಿ, ಇಲ್ಲದಿದ್ದರೆ ಡೆಂಗಿ ಪರೀಕ್ಷೆ ಮಾತ್ರ ಮಾಡಿ ಕಳಿಸಬಹುದು.