ಉಡುಪಿಯ ಸೆಲ್ಫ್ ಸರ್ವಿಸ್ ಹೋಟೆಲಿಗೆ ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಕೇಳಿದವರು, ದಾವಣಗೆರೆಯಿಂದ

ಜನವರಿಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಏಳು ವರ್ಷದ ಮಗನ ಜೊತೆ ಉಡುಪಿ, ಮಂಗಳೂರಿಗೆ ಬರುತ್ತಿದ್ದೇವೆ. ಬೆಳಗಿನ ತಿಂಡಿಗೆ ಸೆಲ್ಫ್ ಸರ್ವಿಸ್ ಸಸ್ಯಾಹಾರಿ ಹೋಟೆಲ್ ಒಳ್ಳೆಯದು, ಬೇಗ ಆಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಆದರೆ ಅಮ್ಮನಿಗೆ ಮಂಡಿನೋವು, ನಿಂತು ತಿನ್ನಲು ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಅಪ್ಪನಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದೆಂದರೆ ಮುಜುಗರ. ಅಲ್ಲಿಯವರು, ಹೋಗಿ ಬಂದವರು ಅನುಭವ ಹೇಳಿ.

ಉಡುಪಿ, ಕಲ್ಸಂಕದ ಕಡೆಯಿಂದ

ಧಾರಾಳವಾಗಿ ಬನ್ನಿ. ಎಲ್ಲ ಸೆಲ್ಫ್ ಸರ್ವಿಸ್ ಹೋಟೆಲಿನಲ್ಲೂ ನಿಂತೇ ತಿನ್ನಬೇಕು ಅಂತ ಇಲ್ಲ. ಕೆಲವು ಕಡೆ ಕುರ್ಚಿ ಉಂಟು, ಕೆಲವು ಕಡೆ ಎದೆಯೆತ್ತರದ ಟೇಬಲ್ ಮಾತ್ರ. ಬಿಲ್ ಮಾಡಿಸುವ ಮೊದಲು ಬಾಗಿಲಲ್ಲೇ ಒಮ್ಮೆ ಕಣ್ಣು ಹಾಯಿಸಿ.

ಹೊರಗಿನಿಂದ ಬಂದವರು ನೇರ ಗಲ್ಲಾಕ್ಕೆ ಹೋಗುತ್ತಾರೆ. ಐದು ಜನರದ್ದು ದೋಸೆ, ಇಡ್ಲಿ, ಬನ್ಸ್, ಕಾಫಿ ಎಲ್ಲ ಒಟ್ಟಿಗೆ ಬಿಲ್ ಮಾಡಿಸಿ, ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡು, ಆಮೇಲೆ ಜಾಗ ಹುಡುಕುತ್ತಾರೆ. ಅಷ್ಟರಲ್ಲಿ ದೋಸೆ ಮೆತ್ತಗಾಗಿರುತ್ತದೆ, ಕಾಫಿಗೆ ಕೆನೆ ಕಟ್ಟಿರುತ್ತದೆ. ನೀವು ಇದನ್ನೇ ತಿರುಗಿಸಿ. ಮೊದಲು ಅಮ್ಮ, ಅಪ್ಪ, ಮಗು ಕೂರಲಿ. ಒಬ್ಬರು ಅವರ ಜೊತೆ ಇರಿ, ಒಬ್ಬರು ಮಾತ್ರ ಓಡಾಡಿ. ಮೊದಲು ಇಡ್ಲಿ, ಬನ್ಸ್ ತನ್ನಿ. ಅವು ಕೂಡಲೇ ಸಿಗುತ್ತವೆ. ಅದನ್ನು ತಿನ್ನುವಷ್ಟರಲ್ಲಿ ದೋಸೆ ಆಗುತ್ತದೆ.

ಕಾಫಿಗೆ ಬೇರೆಯೇ ಬಿಲ್ ಕೇಳಿ. ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು, ತಿಂದು ಮುಗಿದ ಮೇಲೆ ಕಾಫಿ ಕೌಂಟರಿಗೆ ಕೊಡಿ. ಚೀಟಿ ಕೈಗೆ ಬಂದ ತಕ್ಷಣ ಅವರು ಕಾಫಿ ಹೊಯ್ದುಬಿಡುತ್ತಾರೆ, ಆಮೇಲೆ ತಡೆಯಲು ಆಗುವುದಿಲ್ಲ.

ಕುಂದಾಪುರದಿಂದ

ಅಪ್ಪನ ಮುಜುಗರಕ್ಕೆ ನಮ್ಮ ಮನೆಯಲ್ಲಿ ಒಂದು ಉಪಾಯ ಫಲಿಸಿತು. ಮಾವನ ಕೈಗೆ ತಟ್ಟೆ ಕೊಡಲಿಲ್ಲ, ದುಡ್ಡು ಕೊಟ್ಟೆವು. ಬೋರ್ಡ್ ಓದುವುದು, ಯಾರಿಗೆ ಏನು ಬೇಕು ಕೇಳುವುದು, ಬಿಲ್ ಮಾಡಿಸುವುದು ಅವರ ಕೆಲಸ. ಹೊತ್ತು ತರುವುದು ನಮ್ಮದು. ಎರಡನೇ ದಿನ ಗಲ್ಲಾದವರ ಹತ್ತಿರ ಮಳೆ, ಬೆಳೆ ಎಲ್ಲ ಮಾತಾಡಿ ಬಂದರು!

ಅವರ ತಲೆಮಾರಿಗೆ ಬೇಸರ ಆಗುವುದು ಸಹಜ ಕೂಡ. ಉಡುಪಿ ಹೋಟೆಲ್ ಎಂದರೆ ಮಾಣಿ ಬಂದು, ಇರುವ ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳುವ ಜಾಗ ಆಗಿತ್ತು. ನಿಂತು ತಿನ್ನುವ ಪದ್ಧತಿ ಜೋರಾಗಿ ಹಬ್ಬಿದ್ದು 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ.

ಹಿಂದೆ ಗಲ್ಲಾದಲ್ಲಿ ಕೂತವನು, ಈಗ ಸುರತ್ಕಲ್

ಕೌಂಟರಿನ ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಹೊತ್ತು ನೋಡಿ ಬಂದರೆ ಅರ್ಧ ಕಷ್ಟ ತಪ್ಪುತ್ತದೆ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಆಫೀಸಿನವರು, ಕಾಲೇಜಿನವರು, ಪ್ರವಾಸಿಗಳು ಎಲ್ಲ ಒಟ್ಟಿಗೇ ಬರುತ್ತಾರೆ. ಏಳೂವರೆಗೆ ಬಂದರೆ ಕೂರಲು ಜಾಗವೂ ಉಂಟು, ಕೆಲಸದವರಿಗೆ ತಾಳ್ಮೆಯೂ ಉಂಟು. ಡಿಸೆಂಬರ್, ಜನವರಿ ಶಾಲಾ ಪ್ರವಾಸದ ಕಾಲ. ಹೊರಗೆ ಎರಡು ಬಸ್ ನಿಂತಿದ್ದರೆ ಸುಮ್ನೆ ಬೇರೆ ಹೋಟೆಲ್ ನೋಡಿ.

ದೋಸೆ ಕೌಂಟರಿನಲ್ಲಿ ಚೀಟಿ ಕೊಟ್ಟು ಅಲ್ಲೇ ಮುಖ ನೋಡುತ್ತಾ ನಿಂತರೆ ದೋಸೆ ಬೇಗ ಬರುವುದಿಲ್ಲ. ಕಾವಲಿಯಲ್ಲಿ ಒಂದು ಸಲಕ್ಕೆ ಇಷ್ಟು ಅಂತ ಹುಯ್ಯುತ್ತಾರೆ, ಅದು ಎದ್ದ ಮೇಲೆಯೇ ಮುಂದಿನದು. ಎಲ್ಲರೂ ಒಂದೇ ಬಗೆ ಹೇಳಿದರೆ ಒಂದೇ ಸಲಕ್ಕೆ ಆಗುತ್ತದೆ. ಒಬ್ಬರಿಗೆ ಮಸಾಲೆ, ಒಬ್ಬರಿಗೆ ತುಪ್ಪ, ಒಬ್ಬರಿಗೆ ರವೆ ಎಂದರೆ ತಡ.

ವಯಸ್ಸಾದವರು ಇದ್ದಾರೆ, ಟೇಬಲಿಗೆ ತಂದುಕೊಡುತ್ತೀರಾ ಎಂದು ಕೇಳಲು ನಾಚಿಕೆ ಬೇಡ. ರಷ್ ಇಲ್ಲದಾಗ ಹೆಚ್ಚಿನವರು ಕಳಿಸುತ್ತಾರೆ. ಸಾಂಬಾರ್ ಬೇರೆ ಬಟ್ಟಲಲ್ಲಿ ಬೇಕಾದರೆ ಮೊದಲೇ ಹೇಳಿ. ಇಡ್ಲಿಯ ಮೇಲೆ ಹೊಯ್ದ ಮೇಲೆ ನಾವೇನು ಮಾಡುವುದು ಹೇಳಿ.

ಮಣಿಪಾಲದಿಂದ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಂಡಿನೋವಿನ ಅಮ್ಮನನ್ನು ಸೆಲ್ಫ್ ಸರ್ವಿಸ್‌ಗೆ ಕರೆದುಕೊಂಡು ಹೋಗಲೇಬೇಕಾ? ಎಷ್ಟೋ ಹೋಟೆಲುಗಳಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಇನ್ನೊಂದು ಕಡೆ ಕೂತು ತಿನ್ನುವ ವಿಭಾಗ ಇರುತ್ತದೆ. ಅಡುಗೆಮನೆ ಒಂದೇ, ರೇಟ್ ಸ್ವಲ್ಪ ಜಾಸ್ತಿ. ಆ ಸ್ವಲ್ಪಕ್ಕೆ ಯಾಕೆ ನೋಡುತ್ತೀರಿ? ಒಂದೇ ಎಚ್ಚರಿಕೆ. ಆ ವಿಭಾಗ ಮೆಟ್ಟಿಲು ಹತ್ತಿ ಹೋಗುವಂಥದ್ದಾದರೆ ಅಮ್ಮನಿಗೆ ಕೆಳಗಿನದ್ದೇ ವಾಸಿ.

ಮತ್ತೆ ಕಲ್ಸಂಕ

ಮಣಿಪಾಲದವರ ಮಾತು ಮಧ್ಯಾಹ್ನದ ಊಟಕ್ಕೆ ಸರಿ. ಊಟವನ್ನು ಕೂತೇ ಉಣ್ಣಬೇಕು. ಸಾರು, ಸಾಂಬಾರ್, ಪಲ್ಯ, ಮಜ್ಜಿಗೆ ಎಲ್ಲ ಒಂದು ಟ್ರೇಯಲ್ಲಿ ಹೊತ್ತು ನಡೆಯುವುದು ಸರ್ಕಸ್ಸೇ. ಅನ್ನ ಬಡಿಸುವಾಗ ಕುಚ್ಚಲಕ್ಕಿಯೋ ಬೆಳ್ತಿಗೆಯೋ ಎಂದು ಕೇಳುತ್ತಾರೆ. ಬೆಳ್ತಿಗೆ ಎಂದರೆ ನಿಮ್ಮ ಕಡೆಯ ಬಿಳಿ ಅನ್ನ. ಆದರೆ ತಿಂಡಿಗೆ ಸೆಲ್ಫ್ ಸರ್ವಿಸ್ ಬಿಡಬೇಡಿ. ಜನ ಓಡಾಡುವ ಕಡೆ ಎಣ್ಣೆಯಿಂದ ಎತ್ತಿದ್ದು ನೇರ ತಟ್ಟೆಗೆ ಬರುತ್ತದೆ.

ಈರುಳ್ಳಿಗೆ ಇಲ್ಲಿ ನೀರುಳ್ಳಿ ಎನ್ನುತ್ತಾರೆ. ಹಾಗೆಯೇ ಕೇಳಿ. ಬನ್ಸ್, ನೀರುದೋಸೆ, ಇಡ್ಲಿಗೆ ಭಯ ಇಲ್ಲ. ಬನ್ಸ್ ಎಂದರೆ ಬೇಕರಿಯದ್ದಲ್ಲ ಮತ್ತೆ, ಮೈದಾಕ್ಕೆ ಬಾಳೆಹಣ್ಣು, ಮೊಸರು, ಜೀರಿಗೆ ಹಾಕಿ ಕಲಸಿಟ್ಟು ಕರಿದ ಸಿಹಿ ಪೂರಿ. ಗೋಳಿಬಜೆ, ಅಂದರೆ ಮಂಗಳೂರು ಬಜ್ಜಿಗೂ ಸಾಮಾನ್ಯವಾಗಿ ನೀರುಳ್ಳಿ ಬೀಳುವುದಿಲ್ಲ. ಶುಂಠಿ, ಹಸಿಮೆಣಸು, ಕಾಯಿಯ ಚೂರು ಇರುತ್ತದೆ. ಅದು ಸಂಜೆಯ ತಿಂಡಿ, ನಾಲ್ಕು ಗಂಟೆಯ ಹೊತ್ತಿಗೆ ಬಿಸಿಬಿಸಿ ಸಿಗುತ್ತದೆ. ಕೃಷ್ಣಮಠದ ಸುತ್ತಲಿನ ರಥಬೀದಿಯಲ್ಲಿ ಮಿತ್ರ ಸಮಾಜ ಹೋಟೆಲಿನ ಗೋಳಿಬಜೆ ಹೆಸರುವಾಸಿ. ಅಲ್ಲಿ ಅಮ್ಮ ಕೂತೇ ತಿನ್ನಬಹುದು. ಅನುಮಾನ ಪಡಬೇಕಾದ್ದು ಮಸಾಲೆ ದೋಸೆಯ ಪಲ್ಯ, ಒಳಗೆ ಸವರುವ ಕೆಂಪು ಚಟ್ನಿ, ಉಪ್ಪಿಟ್ಟು. ಸಾಂಬಾರಿನ ವಿಷಯ ಹೋಟೆಲಿಂದ ಹೋಟೆಲಿಗೆ ಬೇರೆ, ಕೇಳಿಯೇ ಹಾಕಿಸಿಕೊಳ್ಳಿ. ಬೆಲ್ಲ ಹಾಕುವುದರಿಂದ ನಿಮ್ಮ ಬಾಯಿಗೆ ಸ್ವಲ್ಪ ಸಿಹಿ ಅನಿಸಬಹುದು.

ಪೂರ್ತಿ ನಿಶ್ಚಿಂತೆ ಬೇಕಾದರೆ ಕೃಷ್ಣಮಠದ ಮಧ್ಯಾಹ್ನದ ಊಟವೇ ಉಂಟಲ್ಲ. ನೀರುಳ್ಳಿ, ಬೆಳ್ಳುಳ್ಳಿ ಪ್ರಶ್ನೆಯೇ ಇಲ್ಲ, ದುಡ್ಡೂ ಇಲ್ಲ. ಪಂಕ್ತಿಯಲ್ಲಿ ನೆಲದ ಮೇಲೆ ಕೂರುವುದು ಅಮ್ಮನಿಗೆ ಕಷ್ಟವಾದರೆ ಅಲ್ಲಿ ಬಡಿಸುವವರನ್ನು ಮೊದಲೇ ವಿಚಾರಿಸಿ. ಏಕಾದಶಿಯ ದಿನ ಊಟ ಇರುವುದಿಲ್ಲ, ಕ್ಯಾಲೆಂಡರ್ ನೋಡಿಕೊಂಡೇ ಬನ್ನಿ.

ಇನ್ನೊಂದು ಮುಖ್ಯ ವಿಷಯ. ನೀವು ಜನವರಿ ಎಂದಿದ್ದೀರಿ. ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷಗಳಲ್ಲಿ, ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ದಿನಗಳಲ್ಲಿ ರಥಬೀದಿಯ ಸುತ್ತ ಕಾಲಿಡಲು ಜಾಗ ಇರುವುದಿಲ್ಲ, ಹೋಟೆಲಿನ ಮಾತು ಬಿಡಿ. ಮಕರ ಸಂಕ್ರಾಂತಿಯ ಆಸುಪಾಸಿನಲ್ಲೂ ಮಠದಲ್ಲಿ ಉತ್ಸವ. ವಯಸ್ಸಾದವರ ಜೊತೆ ಆರಾಮಾಗಿ ತಿರುಗಬೇಕಾದರೆ ತಿಂಗಳ ಕೊನೆಗೆ ಬನ್ನಿ.

ಮಂಗಳೂರು, ಕೊಡಿಯಾಲಬೈಲಿನಿಂದ

ಮಂಗಳೂರಿನ ಕಥೆ ಸ್ವಲ್ಪ ಬೇರೆ. ಜಾಗ ಸಣ್ಣದು, ಪಾರ್ಕಿಂಗ್ ತಲೆನೋವು. ಹೆಸರು ಬೇಡ, ಒಂದು ಕಡೆ ನಾವು ಟ್ರೇ ಹಿಡಿದು ಒಂದು ಟೇಬಲ್ ಖಾಲಿಯಾಗುವುದನ್ನು ಕಾದೆವು. ಹಿಂದಿನಿಂದ ಒಬ್ಬರು ಬಂದು ಕರವಸ್ತ್ರ ಇಟ್ಟು ಹಿಡಿದುಬಿಟ್ಟರು. ಬಸ್ ಸೀಟಾ ಇದು? ಕ್ಲೀನರ್ ಹುಡುಗ ಮೂಲೆಯಲ್ಲಿ ಬೇರೆ ಜಾಗ ಮಾಡಿಕೊಟ್ಟ, ಅವನಿಗೆ ಪುಣ್ಯ ಬರಲಿ. ಇಲ್ಲಿ ಅಪ್ಪ, ಅಮ್ಮನನ್ನು ಹೋಟೆಲಿನ ಬಾಗಿಲಲ್ಲೇ ಇಳಿಸಿ, ಆಮೇಲೆ ಕಾರು ನಿಲ್ಲಿಸಲು ಹೋಗಿ.

ಯುಪಿಐ ಎಲ್ಲ ಕಡೆ ಉಂಟು. ಆದರೂ ರಷ್‌ನಲ್ಲಿ ನೆಟ್‌ವರ್ಕ್ ಸುತ್ತುತ್ತಾ ನಿಂತರೆ ಹಿಂದಿನ ಸಾಲು ಸಿಟ್ಟಾಗುತ್ತದೆ. ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. ಕೈ ತೊಳೆಯುವ ಕಡೆ ನೆಲ ಒದ್ದೆ ಇರುತ್ತದೆ, ಅಮ್ಮನ ಜೊತೆ ಯಾರಾದರೂ ಹೋಗಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ತಿಂಗಳ ಕೊನೆಗೆ ಟಿಕೆಟ್ ನೋಡುತ್ತೇನೆ. ದುಡ್ಡು ಅಪ್ಪನ ಕೈಗೆ ಕೊಡುವುದಂತೂ ಗ್ಯಾರಂಟಿ. ಮಗ ಖಾರ ಮುಟ್ಟುವುದಿಲ್ಲ. ಅವನಿಗೆ ಏನು ಕೊಡಿಸಲಿ? ಮತ್ತೆ ವಾಪಸ್ ಬರುವಾಗ ದಾರಿಗೆ ಪಾರ್ಸೆಲ್ ಮಾಡಿಸಬಹುದಾ?

ಕುಂದಾಪುರದಿಂದ

ಮಗನಿಗೆ ನೀರುದೋಸೆಗೆ ಕಾಯಿಬೆಲ್ಲ. ಎಲ್ಲ ಕಡೆ ಸಿಗುವುದಿಲ್ಲ, ಕೇಳಿ ನೋಡಿ. ಇಲ್ಲದಿದ್ದರೆ ಬನ್ಸ್, ಅದಕ್ಕೆ ಚಟ್ನಿಯೂ ಬೇಡ. ಗಡ್‌ಬಡ್ ಐಸ್‌ಕ್ರೀಮ್ ಕಂಡರೆ ಬಿಡುವುದಿಲ್ಲ ಅವನು. ಉದ್ದ ಗ್ಲಾಸಿನಲ್ಲಿ ಎರಡು ಮೂರು ಬಗೆ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ. ಒಂದನ್ನು ಇಬ್ಬರು ಹಂಚಿಕೊಳ್ಳಿ, ಅದೂ ಊಟ ಆಗಿ ಒಂದು ಗಂಟೆ ಕಳೆದ ಮೇಲೆ.

ಪಾರ್ಸೆಲ್‌ಗೆ ಬನ್ಸ್ ಒಳ್ಳೆಯದು, ತಣ್ಣಗಾದರೂ ತಿನ್ನಬಹುದು. ಗೋಳಿಬಜೆ ಬೇಡ, ದಾರಿಯಲ್ಲಿ ರಬ್ಬರ್ ಆಗುತ್ತದೆ. ಕಾಯಿಚಟ್ನಿ ಕಟ್ಟಿಸಿಕೊಳ್ಳಬೇಡಿ, ನಮ್ಮ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಪಾರ್ಸೆಲ್ ಎಂದು ಬಿಲ್ ಮಾಡುವಾಗಲೇ ಹೇಳಿ, ಕೆಲವು ಕಡೆ ಅದಕ್ಕೆ ಕೌಂಟರ್ ಬೇರೆ.