ನಾನು ಹೇಳಿದ್ರೆ ಕೂರುತ್ತೆ, ಮನೆಯವರು ಹೇಳಿದ್ರೆ ಕೇಳಲ್ಲ

ಕರಿಮೂತಿ:
8 ತಿಂಗಳ ಲ್ಯಾಬ್ರಡಾರ್. ಬಾಗಿಲು ತೆಗೆದರೆ ಸಾಕು, ಮೈಮೇಲೆ ಹಾರುತ್ತೆ. ನಾನು ಬೆನ್ನು ತಿರುಗಿಸಿ ನಿಲ್ತೀನಿ, ಅಪ್ಪ ತಲೆ ಸವರ್ತಾರೆ, ತಂಗಿ ಗದರ್ತಾಳೆ. ನಡುವೆ ಸ್ವಲ್ಪ ಕಡಿಮೆಯಾಗಿತ್ತು, ಈಗ ಮತ್ತೆ ಜೋರು. ಬೇರೆ ವಿಧಾನ ಇದ್ರೆ ಹೇಳಿ. ‘ಕೂರು’ ಅಂತ ನಾನು ಹೇಳಿದ್ರೆ ಮಾತ್ರ ಕೂರುತ್ತೆ.

ಹಗ್ಗದತುದಿ:
ವಿಧಾನ ಸರಿಯಾಗೇ ಇದೆ, ಅದನ್ನ ಪಾಲಿಸ್ತಿರೋದು ನೀವೊಬ್ಬರೇ. ಹತ್ತು ಸಲ ಹಾರಿ ಒಂದು ಸಲ ತಲೆ ಸವರಿಸಿಕೊಂಡರೂ ಅದಕ್ಕೆ ಲಾಭವೇ. ಪ್ರತಿ ಸಲ ಸಿಗ್ತಿದ್ದದ್ದು ಪೂರ್ತಿ ನಿಂತುಹೋದರೆ ನಾಯಿ ಬೇಗ ಕೈಬಿಡುತ್ತೆ. ಯಾವಾಗಲೋ ಒಮ್ಮೆ ಸಿಗೋದಾದರೆ ಹಟ ಹಿಡಿದು ಕೂರುತ್ತೆ. ಗದರೋದೂ ಎಷ್ಟೋ ನಾಯಿಗಳಿಗೆ ಮಾತಾಡಿಸಿದ ಹಾಗೇನೇ.

ಬಾಗಿಲ ಪಕ್ಕ ಒಂದು ಡಬ್ಬಿಯಲ್ಲಿ ಬಟಾಣಿ ಗಾತ್ರದ ತಿಂಡಿ ಇಡಿ. ಒಳಗೆ ಬಂದವರು ಯಾರೇ ಆಗಲಿ, ನಾಲ್ಕೂ ಕಾಲು ನೆಲದ ಮೇಲಿರುವಾಗಲೇ, ಹಾರೋಕೆ ಮುಂಚೆ, ಒಂದು ಚೂರನ್ನ ನೆಲಕ್ಕೆ ಹಾಕಲಿ. ಕೈ ಎತ್ತಿ ಹಿಡಿದು ಕೊಟ್ಟರೆ ಮೂತಿ ಮೇಲೇಳುತ್ತೆ, ಹಿಂದೆಯೇ ಮುಂಗಾಲು. ನೆಂಟರಿಗೆಲ್ಲ ಪಾಠ ಹೇಳೋಕಾಗಲ್ಲ, ಅವರು ಬಂದಾಗ ಬೆಲ್ಟಿಗೆ ಹಗ್ಗ ಹಾಕಿ ಹಿಡ್ಕೊಳ್ಳಿ.

ಎಲ್ಲರೂ ಒಟ್ಟಿಗೆ ಗಮನ ಕೊಡೋದು ನಿಲ್ಲಿಸಿದಾಗ ಕೆಲವು ದಿನ ಹಾರಾಟ ಇನ್ನೂ ಹೆಚ್ಚಬಹುದು. ಆಗ ಯಾರಾದರೂ ಸೋತು ಸವರಿದರೆ, ಜೋರಾಗಿ ಹಾರಿದರೆ ಸಿಗುತ್ತೆ ಅಂತ ಕಲಿಸಿದಂತೆ.

ಸಂಜೆವಾಕ್:
ಮೊಣಕಾಲಿಂದ ಎದೆಗೆ ಒತ್ತಿದ್ರೆ ನಿಲ್ಲುತ್ತಲ್ಲ?

ಹಗ್ಗದತುದಿ:
ಬೇಡ. ಕೆಲವಕ್ಕೆ ಅದೇ ಆಟವಾಗುತ್ತೆ, ಪುಕ್ಕಲು ನಾಯಿಯಾದರೆ ಮನುಷ್ಯರಿಗೇ ಹೆದರೋಕೆ ಶುರುಮಾಡುತ್ತೆ.

ಮೂರುಸೀಟಿ:
‘ಕೂರು’ ವಿಷಯ. ನಾಯಿ ಕಲಿತಿರೋದು ಬರೀ ಆ ಶಬ್ದವನ್ನಲ್ಲ. ನೀವು ನಿಲ್ಲೋ ರೀತಿ, ಕೈ ಆಡಿಸೋದು, ಎಲ್ಲ ಸೇರಿಸಿ ಕಲಿತಿದೆ. ಹಾಗಾಗಿ ಅಪ್ಪ, ತಂಗಿ ಇಬ್ಬರೂ ಮೊದಲಿಂದ ಕಲಿಸಬೇಕು, ಈ ಸಲ ಬೇಗ ಆಗುತ್ತೆ. ದಿನಕ್ಕೆ ಎರಡು ಸಲ, ತಲಾ 3 ನಿಮಿಷ. ತಿಂಡಿ ಮೂಗಿನ ಹತ್ತಿರ ಹಿಡಿದು ಹಿಂದಕ್ಕೆ ಸರಿಸಿ, ಹಿಂಭಾಗ ನೆಲಕ್ಕೆ ತಾಗಿದ ಒಂದೆರಡು ಸೆಕೆಂಡಲ್ಲಿ ಕೊಡಿ. ಅದು ಸಲೀಸಾದ ಮೇಲೆ ಮಾತು ಮೊದಲು, ಕೈ ಆಮೇಲೆ.

ಮಾತು ಒಂದೇ ಸಲ. ‘ಕೂರು, ಕೂರು, ಕೂರು’ ಅಂದರೆ ಮೂರನೆಯದಕ್ಕೆ ಕಾಯೋದನ್ನ ಕಲಿಯುತ್ತೆ. ಒಬ್ಬರು ‘ಸಿಟ್’, ಇನ್ನೊಬ್ಬರು ‘ಕೂತ್ಕೋ’ ಅನ್ನೋದೂ ಬೇಡ. ‘ಡೌನ್’ ಅಂತೂ ಒಬ್ಬರಿಗೆ ಮಲಗು, ಇನ್ನೊಬ್ಬರಿಗೆ ಸೋಫಾದಿಂದ ಇಳಿ! ಪದಗಳನ್ನ ಬರೆದು ಫ್ರಿಜ್ ಮೇಲೆ ಅಂಟಿಸಿ.

ಕರಿಮೂತಿ:
ಸವರಬೇಡಿ ಅಂದ್ರೆ ಅಪ್ಪ ಕೇಳಬೇಕಲ್ಲ.

ಮೂರುಸೀಟಿ:
ಸವರಲಿ, ಕೂತಾಗ ಸವರಲಿ. ತಲೆ ಬೇಡ, ಎದೆ ಸವರೋಕೆ ಹೇಳಿ. ಮೇಲಿಂದ ಕೈ ಬಂದರೆ ಮತ್ತೆ ಎದ್ದೇಳುತ್ತೆ. ಎದ್ದ ತಕ್ಷಣ ಕೈ ಹಿಂದಕ್ಕೆ.