ಅಪ್‌ಡೇಟ್: ಅಪ್ಪನ ಹೊಟ್ಟೆಯ ಹುಣ್ಣಿಗೆ ಕಾರಣ ಸಿಕ್ಕಿತು

ಅಪ್ಪನ ಹೊಟ್ಟೆಯ ಹುಣ್ಣು ಪದೇ ಪದೇ ಮರುಕಳಿಸುತ್ತಿದೆ, ಇದು ಚಿಂತೆಯಿಂದಲೋ ಖಾರದಿಂದಲೋ ಎಂದು ಹಿಂದೆ ಕೇಳಿದ್ದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿದು ಹೇಳಿದವರಿಗೆ ಮನಸಾರೆ ಕೃತಜ್ಞತೆಗಳು. ಕಾರಣ ಅದೇ ಬ್ಯಾಕ್ಟೀರಿಯಾ.

ಎಂಡೋಸ್ಕೋಪಿಯಲ್ಲಿ ತೆಗೆದ ಅಂಗಾಂಶದ ಚೂರನ್ನು ಯೂರಿಯಾ ಇರುವ ಹಳದಿ ಜೆಲ್‌ನಲ್ಲಿ ಇಟ್ಟರು. ಸ್ವಲ್ಪ ಹೊತ್ತಿಗೆ ಅದರ ಸುತ್ತ ಗುಲಾಬಿ ಬಣ್ಣ ಹರಡಿತು. ಈ ಬ್ಯಾಕ್ಟೀರಿಯಾದ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಉಂಟುಮಾಡುತ್ತದೆ, ಜೆಲ್‌ನ ಬಣ್ಣ ಬದಲಾಗುವುದು ಅದರಿಂದಲೇ. ಜಠರದ ಆಮ್ಲದಲ್ಲಿ ಅದು ಬದುಕುಳಿಯುವುದೂ ಆ ಅಮೋನಿಯಾದ ಆಸರೆಯಿಂದಲೇ. ನೋವಿನ ಮಾತ್ರೆಗಳ ಬಗ್ಗೆಯೂ ವೈದ್ಯರು ವಿಚಾರಿಸಿದರು, ಏಕೆಂದರೆ ಹುಣ್ಣಿಗೆ ಇನ್ನೊಂದು ಮುಖ್ಯ ಕಾರಣ ಅವೇ. ಅಪ್ಪ ಅವುಗಳನ್ನು ಸೇವಿಸುವುದಿಲ್ಲ.

ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡಿದ್ದರು. ಈ ಬ್ಯಾಕ್ಟೀರಿಯಾವನ್ನೂ ಹುಣ್ಣಿನಲ್ಲಿ ಅದರ ಪಾತ್ರವನ್ನೂ ಕಂಡುಹಿಡಿದದ್ದಕ್ಕೆ ಅವರಿಗೂ ಅವರ ಸಹಸಂಶೋಧಕ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಇಷ್ಟೆಲ್ಲ ತಿಳಿದಿದ್ದೂ ಅಪ್ಪನಿಗೆ ವರ್ಷಗಟ್ಟಲೆ ಬರೀ ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟರಲ್ಲ ಎಂಬ ಸಂಕಟ ನನಗಿನ್ನೂ ಹೋಗಿಲ್ಲ.

ಚಿಕಿತ್ಸೆ ಎಂದರೆ ಆಮ್ಲ ತಗ್ಗಿಸುವ ಮಾತ್ರೆಯ ಜೊತೆಗೆ ಆಂಟಿಬಯಾಟಿಕ್‌ಗಳು, 14 ದಿನ. ಬಾಯಿ ಕಹಿ, ಹೊಟ್ಟೆ ತೊಳಸುವಿಕೆ ಇದ್ದರೂ ಅಪ್ಪ ಒಂದು ಹೊತ್ತನ್ನೂ ತಪ್ಪಿಸಲಿಲ್ಲ. ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರ, ಆಮ್ಲದ ಮಾತ್ರೆ ನಿಲ್ಲಿಸಿ 2 ವಾರ ಕಳೆಯದೆ ಮರುಪರೀಕ್ಷೆ ಮಾಡಿಸಬೇಡಿ. ಸೋಂಕು ಇದ್ದರೂ ಇಲ್ಲವೆಂದು ತೋರಿಸಬಹುದು. ನಾವು ಕಾದು ಉಸಿರಿನ ಪರೀಕ್ಷೆ ಮಾಡಿಸಿದೆವು. ಸೋಂಕು ಪೂರ್ತಿ ಹೋಗಿದೆ.